ಪ್ಲೈವುಡ್ಡಿನ ವಿಂಡ್ ಟನೆಲ್, ಕಂಪ್ಯೂಟರಿನ ಗಾಳಿ: ಒಂದು ಏರ್‌ಫಾಯಿಲ್ ಪರೀಕ್ಷೆಯ ದಿನಚರಿ

ರೆಕ್ಕೆಯನ್ನು ಅಡ್ಡಲಾಗಿ ಸೀಳಿದಾಗ ಕಾಣುವ ಆಕಾರವೇ ಏರ್‌ಫಾಯಿಲ್. ಅದರ ಬಗ್ಗೆ ಓದತೊಡಗಿದವರೆಲ್ಲರೂ ಬೇಗನೆ ಒಂದು ನಕ್ಷೆಯ ಮುಂದೆ ಬಂದು ನಿಲ್ಲುತ್ತಾರೆ. ಅದರ ಅಡ್ಡಗೆರೆಯಲ್ಲಿ ರೆಕ್ಕೆಯು ಗಾಳಿಗೆ ಒಡ್ಡಿಕೊಂಡ ಕೋನವಿರುತ್ತದೆ, ನಿಲುಗೆರೆಯಲ್ಲಿ ಲಿಫ್ಟ್ ಗುಣಾಂಕ, ಅಂದರೆ ರೆಕ್ಕೆಯನ್ನು ಮೇಲೆತ್ತುವ ಬಲದ ಅಳತೆ, ಇರುತ್ತದೆ, ಇವೆರಡರ ನಡುವೆ ನೇರವಾಗಿ ಏರಿ ಕೊನೆಯಲ್ಲಿ ಬಾಗಿ ಕುಸಿಯುವ ಒಂದು ರೇಖೆಯಿರುತ್ತದೆ. ನಾಕಾ 0012 ಎಂಬ, ಮೇಲೂ ಕೆಳಗೂ ಒಂದೇ ಸಮನಾಗಿ ಉಬ್ಬಿರುವ ಆಕಾರಕ್ಕೆ ಈ ರೇಖೆ ಸುಮಾರು 16 ಡಿಗ್ರಿಯವರೆಗೆ ಏರಿ, ಗುಣಾಂಕ 1.5ರ ಆಸುಪಾಸಿನಲ್ಲಿ ಮುರಿದು ಬೀಳುವುದನ್ನು ಪಠ್ಯಪುಸ್ತಕಗಳು ತೋರಿಸುತ್ತವೆ. ನಾನು ಕಟ್ಟಿದ ವಿಂಡ್ ಟನೆಲ್‌ನಲ್ಲಿ, ಅಂದರೆ ಫ್ಯಾನಿನಿಂದ ಗಾಳಿ ಹರಿಸಿ ಮಾದರಿಯನ್ನು ಪರೀಕ್ಷಿಸುವ ಪೆಟ್ಟಿಗೆಯಲ್ಲಿ, ಅದೇ ಆಕಾರದ ರೆಕ್ಕೆ 10 ಡಿಗ್ರಿಗೇ ಸ್ಟಾಲ್ ಆಯಿತು (ಲಿಫ್ಟ್ ಹೀಗೆ ಕುಸಿಯುವುದಕ್ಕೆ ಈ ಹೆಸರು), ಗುಣಾಂಕ 0.8ನ್ನೂ ಮುಟ್ಟಲಿಲ್ಲ. ತಪ್ಪು ಪೆಟ್ಟಿಗೆಯದೇ ಎಂದು ತೀರ್ಮಾನಿಸಿ ಎರಡು ವಾರ ತಿರುಪು ಬಿಗಿಯುತ್ತ ಕಳೆದ ಮೇಲೆ, ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಾನು ನಕ್ಷೆಯನ್ನು ಓದಿದ ರೀತಿಯದೇ ಎಂಬುದು ತಿಳಿಯಿತು.

ಆ ನಕ್ಷೆಗಳ ಮೂಲ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆಯಾಗಿದ್ದ ನಾಕಾ 1933ರಲ್ಲಿ ಪ್ರಕಟಿಸಿದ 78 ಏರ್‌ಫಾಯಿಲ್‌ಗಳ ವರದಿಗೆ ಹೋಗುತ್ತದೆ. ಆ ಪರೀಕ್ಷೆಗಳು ನಡೆದ, ಲ್ಯಾಂಗ್ಲಿಯಲ್ಲಿದ್ದ ವಿಂಡ್ ಟನೆಲ್‌ನೊಳಗೆ ಗಾಳಿಯನ್ನು ವಾತಾವರಣದ ಒತ್ತಡದ 20 ಪಟ್ಟು ಒತ್ತಿ ತುಂಬುತ್ತಿದ್ದರು. ಹಾಗೆ ಮಾಡಲು ಕಾರಣ ರೆನಾಲ್ಡ್ಸ್ ಸಂಖ್ಯೆ: ಗಾಳಿಯ ಸಾಂದ್ರತೆ, ವೇಗ ಮತ್ತು ರೆಕ್ಕೆಯ ಅಗಲವನ್ನು (ಮುಂದಂಚಿನಿಂದ ಹಿಂದಂಚಿನವರೆಗಿನ ದೂರ) ಗುಣಿಸಿ ಗಾಳಿಯ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಅಂಕಿ ಅದು. ಸಣ್ಣ ಮಾದರಿಯ ಮೇಲೆ ಹರಿಯುವ ಗಾಳಿ ನಿಜವಾದ ವಿಮಾನದ ಗಾಳಿಯಂತೆ ವರ್ತಿಸಬೇಕಾದರೆ ಈ ಅಂಕಿ ಎರಡೂ ಕಡೆ ಒಂದೇ ಆಗಿರಬೇಕು. ಸಾಂದ್ರತೆಯನ್ನು 20 ಪಟ್ಟು ಹೆಚ್ಚಿಸಿ ಅವರು ಸುಮಾರು 30 ಲಕ್ಷದ ರೆನಾಲ್ಡ್ಸ್ ಸಂಖ್ಯೆಯನ್ನು ಪಡೆದಿದ್ದರು. ನನ್ನ ರೆಕ್ಕೆಯ ಅಗಲ 100 ಮಿಲಿಮೀಟರ್, ಗಾಳಿಯ ವೇಗ ಸೆಕೆಂಡಿಗೆ 12 ಮೀಟರ್. ಲೆಕ್ಕ ಹಾಕಿದರೆ ಸಿಗುವುದು 80 ಸಾವಿರ ಮಾತ್ರ. ಇದು ದೊಡ್ಡ ಹಕ್ಕಿಯ, ಸಣ್ಣ ಡ್ರೋನಿನ, ಮಾದರಿ ಗ್ಲೈಡರಿನ ಲೋಕ, ಪ್ರಯಾಣಿಕ ವಿಮಾನದ ಲೋಕವಲ್ಲ. ಇಲ್ಲಿ ಗಾಳಿಯ ನಡತೆಯೇ ಬೇರೆ. ಅದಕ್ಕೆ ಪುಸ್ತಕದ ರೇಖೆಯನ್ನು ಬದಿಗಿಟ್ಟು, ಇದೇ 80 ಸಾವಿರಕ್ಕೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿಸಿ, ಅದನ್ನು ಪೆಟ್ಟಿಗೆಯ ಅಳತೆಯೊಂದಿಗೆ ಹೋಲಿಸುವ ಕೆಲಸಕ್ಕೆ ಕೈಹಾಕಿದೆ.

ಪೆಟ್ಟಿಗೆ ಕಟ್ಟಿದ್ದು

ಪರೀಕ್ಷಾ ವಿಭಾಗ 250 ಮಿಲಿಮೀಟರ್ ಚೌಕದ, ಅರ್ಧ ಮೀಟರ್ ಉದ್ದದ ಅಕ್ರಿಲಿಕ್ ಕೊಳವೆ. ಫ್ಯಾನು ಕೊನೆಯಲ್ಲಿದ್ದು ಗಾಳಿಯನ್ನು ಹೀರಿಕೊಳ್ಳುತ್ತದೆ. ಮುಂದಿನಿಂದ ಊದಿದರೆ ಫ್ಯಾನಿನ ರೆಕ್ಕೆಗಳು ಕಲಕಿದ ಸುಳಿಗಾಳಿಯೇ ಮಾದರಿಗೆ ಬಡಿಯುತ್ತದೆಯಾದ್ದರಿಂದ, ಹೀರುವ ವ್ಯವಸ್ಥೆಯೇ ಸಣ್ಣ ಟನೆಲ್‌ಗಳಿಗೆ ಹೆಚ್ಚು ಒಗ್ಗುತ್ತದೆ. ಪರೀಕ್ಷಾ ವಿಭಾಗದಿಂದ ಫ್ಯಾನಿನವರೆಗೆ ನಿಧಾನವಾಗಿ ಅಗಲವಾಗುವ ಡಿಫ್ಯೂಸರ್ ಇದೆ. ಗೋಡೆ ಒಂದೊಂದು ಬದಿಗೆ 3 ಡಿಗ್ರಿಗಿಂತ ಹೆಚ್ಚು ವಾಲಿದರೆ ಗಾಳಿ ಗೋಡೆಯನ್ನು ಬಿಟ್ಟು ನಡುವಿನಲ್ಲೇ ನುಗ್ಗುವ ಅಪಾಯವಿರುವುದರಿಂದ, 250 ಮಿಲಿಮೀಟರ್ ಚೌಕದಿಂದ 400 ಮಿಲಿಮೀಟರ್ ವ್ಯಾಸದ ಫ್ಯಾನಿಗೆ ತಲುಪಲು 1.1 ಮೀಟರ್ ಉದ್ದ ಬೇಕಾಯಿತು. ಡಿಫ್ಯೂಸರನ್ನು ನೇರವಾಗಿ ಫ್ಯಾನಿಗೆ ತಿರುಪಿನಿಂದ ಬಿಗಿದಿದ್ದಾಗ ಇಡೀ ಪೆಟ್ಟಿಗೆ ನಡುಗುತ್ತಿತ್ತು. ಕೊನೆಗೆ 50 ಮಿಲಿಮೀಟರ್ ತೆರಪು ಬಿಟ್ಟು ಅಲ್ಲಿಗೆ ದಪ್ಪ ರಬ್ಬರ್ ಬಟ್ಟೆಯ ತೋಳು ತೊಡಿಸಿದ ಮೇಲೆ ನಡುಕ ನಿಂತಿತು.

ಅತಿ ಹೆಚ್ಚು ಸಮಯ ತಿಂದದ್ದು ಮುಂಭಾಗದ ಆಲಿಕೆ. 650 ಮಿಲಿಮೀಟರ್ ಚೌಕದ ಬಾಯಿಯಿಂದ 250ಕ್ಕೆ ಕಿರಿದಾಗುವ ಈ ಭಾಗದಲ್ಲಿ ವಿಸ್ತೀರ್ಣ 6.76 ಪಟ್ಟು ಕುಗ್ಗುತ್ತದೆ. ಹಾಗೆ ಕುಗ್ಗುವಾಗ ಗಾಳಿಯ ವೇಗ ಅಷ್ಟೇ ಪಟ್ಟು ಏರಿ, ಒಳಬರುವ ಗಾಳಿಯಲ್ಲಿದ್ದ ಸಣ್ಣ ಏರುಪೇರುಗಳು ಅದರ ಮುಂದೆ ಗೌಣವಾಗುತ್ತವೆ. ಮೊದಲ ಸಲ ಸೋಮಾರಿತನದಿಂದ ನಾಲ್ಕು ಚಪ್ಪಟೆ ಹಲಗೆಗಳನ್ನು ಓರೆಯಾಗಿ ಜೋಡಿಸಿ ಪಿರಮಿಡ್ಡಿನಂತೆ ಮಾಡಿದ್ದೆ. ಫ್ಯಾನು ಹಾಕಿ, ಪರೀಕ್ಷಾ ವಿಭಾಗದ ಒಳಗೋಡೆಗೆ ಅಂಟಿಸಿದ್ದ ನೂಲಿನ ಎಳೆಗಳನ್ನು ನೋಡಿದರೆ, ನಡುವಿನವು ತೆಪ್ಪಗೆ ಹಿಂದಕ್ಕೆ ಮಲಗಿದ್ದವು, ಆದರೆ ಆಲಿಕೆ ಮುಗಿಯುವ ಮೂಲೆಯ ಹತ್ತಿರದವು ಹುಚ್ಚು ಹಿಡಿದಂತೆ ಸುತ್ತುತ್ತ ಆಗಾಗ ಮುಂದಕ್ಕೂ ತಿರುಗುತ್ತಿದ್ದವು. ಓರೆ ಹಲಗೆ ಥಟ್ಟನೆ ನೇರವಾಗುವ ಆ ಮೂಲೆಯಲ್ಲಿ ಗಾಳಿ ತಿರುಗಲಾರದೆ ಗೋಡೆಯನ್ನು ಬಿಟ್ಟಿತ್ತು. ಎರಡನೆಯ ಆಲಿಕೆಯನ್ನು ಬಾಗುವ ತೆಳು ಪ್ಲೈವುಡ್ಡಿನಲ್ಲಿ ಮಾಡಿದೆ. ಅದರ ಬಾಗಿಗೆ ಐದನೆಯ ಘಾತದ ಬಹುಪದಿಯನ್ನು ಬಳಸಿದೆ. ಆರಂಭದಿಂದ ಕೊನೆಯವರೆಗಿನ ದೂರವನ್ನು ಎಕ್ಸ್ ಎಂದುಕೊಂಡು 0ಯಿಂದ 1ರವರೆಗೆ ಅಳೆದರೆ, ಎಕ್ಸ್‌ನ ಮೂರನೆಯ ಘಾತದ 10 ಪಟ್ಟಿನಿಂದ ನಾಲ್ಕನೆಯ ಘಾತದ 15 ಪಟ್ಟನ್ನು ಕಳೆದು ಐದನೆಯ ಘಾತದ 6 ಪಟ್ಟನ್ನು ಕೂಡಿಸಬೇಕು. ಎರಡೂ ತುದಿಗಳಲ್ಲಿ ಇಳಿಜಾರೂ ಬಾಗೂ ಸೊನ್ನೆಯಾಗುವುದು ಈ ಸೂತ್ರದ ಗುಣ. ಅದನ್ನು ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಪಕ್ಕೆಲುಬುಗಳಂತೆ ಹಲಗೆಗಳನ್ನು ಕೊರೆದು, ಅವುಗಳ ಮೇಲೆ ಪ್ಲೈವುಡ್ಡನ್ನು ಒದ್ದೆ ಮಾಡಿ ಬಾಗಿಸಿ ಅಂಟಿಸಿದೆ. ಆಮೇಲೆ ಮೂಲೆಯ ನೂಲುಗಳೂ ಮಲಗಿದವು.

ಬಾಯಿಯಲ್ಲಿ ಕುಡಿಯುವ ಸ್ಟ್ರಾಗಳನ್ನು ಒತ್ತೊತ್ತಾಗಿ ಜೋಡಿಸಿ ಜೇನುಗೂಡು ಮಾಡಿದೆ. ಸ್ಟ್ರಾದ ಉದ್ದ ಅದರ ವ್ಯಾಸದ 6ರಿಂದ 8 ಪಟ್ಟು ಇರಬೇಕೆಂಬುದು ರೂಢಿಯಲ್ಲಿರುವ ಲೆಕ್ಕ, ಹಾಗಾಗಿ 6 ಮಿಲಿಮೀಟರ್ ಸ್ಟ್ರಾಗಳನ್ನು 45 ಮಿಲಿಮೀಟರಿಗೆ ತುಂಡರಿಸಿದೆ. ಸಾವಿರಾರು ತುಂಡುಗಳು! ಈ ಕೆಲಸವನ್ನು ಇನ್ನೊಮ್ಮೆ ಮಾಡುವ ಮನಸ್ಸು ನನಗಿಲ್ಲ. ಜೇನುಗೂಡು ಗಾಳಿಯ ಅಡ್ಡಸುಳಿಯನ್ನು ಕೊಲ್ಲುತ್ತದೆ, ಆದರೆ ಉದ್ದಕ್ಕೆ ಹರಿಯುವ ಗಾಳಿಯ ಏರಿಳಿತವನ್ನು ತಗ್ಗಿಸಲು ಅದರ ಹಿಂದೆ ತೆಳುವಾದ ಜಾಲರಿಯೂ ಬೇಕು. ಮೊದಲ ಸುತ್ತಿನಲ್ಲಿ ಜಾಲರಿ ಹಾಕಲಿಲ್ಲ. ಆ ಉಳಿತಾಯದ ಕಥೆ ಮುಂದೆ ಬರುತ್ತದೆ.

ವೇಗವನ್ನು ಅಳೆಯಲು ಆಲಿಕೆಯ ಮುಂದಿನ ಗೋಡೆಗೂ ಪರೀಕ್ಷಾ ವಿಭಾಗದ ಗೋಡೆಗೂ ಒಂದೊಂದು ಸಣ್ಣ ರಂಧ್ರ ಕೊರೆದು, ಎರಡರಿಂದಲೂ ನಳಿಕೆಗಳನ್ನು ಒಂದು ಓರೆ ಮ್ಯಾನೋಮೀಟರಿಗೆ, ಅಂದರೆ ಒತ್ತಡದ ವ್ಯತ್ಯಾಸವನ್ನು ನೀರಿನ ಮಟ್ಟದಲ್ಲಿ ತೋರಿಸುವ ಕೊಳವೆಗೆ, ತಂದೆ. ಸೆಕೆಂಡಿಗೆ 12 ಮೀಟರ್ ವೇಗದ ಗಾಳಿಯ ಒತ್ತಡ ಕೇವಲ 86 ಪಾಸ್ಕಲ್, ಅಂದರೆ 8.8 ಮಿಲಿಮೀಟರ್ ನೀರಿನ ಎತ್ತರ. ನಿಂತ ಕೊಳವೆಯಲ್ಲಿ ಇದನ್ನು ಕಣ್ಣಳತೆಯಿಂದ ಓದಲು ಹೋದರೆ ಅರ್ಧ ಮಿಲಿಮೀಟರಿನ ತಪ್ಪೇ 6 ಪ್ರತಿಶತದ ತಪ್ಪಾಗುತ್ತದೆ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಕೊಳವೆಯನ್ನು ಮಲಗಿಸಿದರೆ ಅದೇ 8.8 ಮಿಲಿಮೀಟರ್ ಸುಮಾರು 88 ಮಿಲಿಮೀಟರ್ ಓಡುತ್ತದೆ. ನೀರಿಗೆ ಬಣ್ಣ ಮತ್ತು ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ನೀರು ಕೊಳವೆಗೆ ಅಂಟಿಕೊಂಡು ತಡೆದು ತಡೆದು ಹರಿಯುವುದು ತಪ್ಪುತ್ತದೆ.

ರೆಕ್ಕೆ ಮತ್ತು ತಕ್ಕಡಿ

ನಾಕಾ 0012ರಲ್ಲಿ ಮೊದಲ ಎರಡು ಸೊನ್ನೆಗಳು ಆಕಾರಕ್ಕೆ ಬಾಗು ಇಲ್ಲವೆಂದೂ ಕೊನೆಯ ಎರಡು ಅಂಕಿಗಳು ದಪ್ಪವು ಅಗಲದ 12 ಪ್ರತಿಶತವೆಂದೂ ಹೇಳುತ್ತವೆ. ಅತಿ ದಪ್ಪದ ಜಾಗ ಮುಂದಂಚಿನಿಂದ 30 ಪ್ರತಿಶತ ದೂರದಲ್ಲಿದೆ. ಮೂಲ ಸೂತ್ರದಲ್ಲಿ ಹಿಂದಂಚು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತ್ರೀಡಿ ಪ್ರಿಂಟರಿಗೆ ಇದು ಅನುಕೂಲವೇ ಆಯಿತು, ಏಕೆಂದರೆ ಚೂಪು ಅಂಚನ್ನು ಅದು ಹೇಗೂ ಸರಿಯಾಗಿ ಮುದ್ರಿಸಲಾರದು. ಮುದ್ರಿಸಿದ ರೆಕ್ಕೆಯ ಮೇಲ್ಮೈಯಲ್ಲಿ ಪದರಗಳ ಗೆರೆಗಳು ಬೆರಳಿಗೆ ಸಿಗುತ್ತಿದ್ದವು. ಪ್ರೈಮರ್ ಬಳಿದು, 400ರ ಉಜ್ಜುಕಾಗದದಿಂದ ಆರಂಭಿಸಿ 1200ರ ನೀರು ಕಾಗದದವರೆಗೆ ಉಜ್ಜಿ ನುಣುಪು ಮಾಡಿದೆ. ಈ ಉಜ್ಜುವಿಕೆ ಚಂದಕ್ಕಾಗಿ ಅಲ್ಲ ಎನ್ನುವುದು ಮುಂದೆ ಸ್ಪಷ್ಟವಾಗುತ್ತದೆ.

ರೆಕ್ಕೆಯೊಳಗಿಂದ ಹಾದ 6 ಮಿಲಿಮೀಟರ್ ಕಾರ್ಬನ್ ಕೊಳವೆ ಎರಡೂ ಬದಿಯ ಅಕ್ರಿಲಿಕ್ ಗೋಡೆಗಳ ರಂಧ್ರಗಳ ಮೂಲಕ ಹೊರಬಂದು, ಹೊರಗೆ ಒಂದೊಂದು ಲೋಡ್ ಸೆಲ್ಲಿನ, ಅಂದರೆ ತನ್ನ ಮೇಲಿನ ಬಲವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನದ, ಮೇಲೆ ಕೂರುತ್ತದೆ. ಅವುಗಳ ಸಂಕೇತವನ್ನು ಎಚ್‌ಎಕ್ಸ್711 ಚಿಪ್ಪು ಸೆಕೆಂಡಿಗೆ ಹತ್ತು ಸಲ ಓದುತ್ತದೆ. ಪ್ರತಿ ಕೋನಕ್ಕೂ 20 ಸೆಕೆಂಡುಗಳ ಸರಾಸರಿ ತೆಗೆದೆ. ಗುಣಾಂಕ 0.5 ಇರುವಾಗ ಈ ರೆಕ್ಕೆಯ ಲಿಫ್ಟ್ ಸುಮಾರು 1 ನ್ಯೂಟನ್, ಅಂದರೆ ನೂರು ಗ್ರಾಮ್ ಚಿಲ್ಲರೆ. ಅದನ್ನು ಅಳೆಯುವುದು ಸುಲಭ. ಡ್ರ್ಯಾಗ್, ಅಂದರೆ ಗಾಳಿ ರೆಕ್ಕೆಯನ್ನು ಹಿಂದಕ್ಕೆಳೆಯುವ ಬಲ, ಮಾತ್ರ ನಾಲ್ಕೈದು ಗ್ರಾಮ್. ಕೊಳವೆಯ ಒಂದು ಸಣ್ಣ ಉಜ್ಜಾಟವೂ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಈ ತಕ್ಕಡಿಯಿಂದ ಲಿಫ್ಟ್ ಮಾತ್ರ ಅಳೆಯಲು ನಿರ್ಧರಿಸಿದೆ.

ಈ ಹಂತದಲ್ಲಿ ರೈಟ್ ಸಹೋದರರ ಜಾಣ್ಮೆ ಅರ್ಥವಾಯಿತು. 1901ರಲ್ಲಿ ಡೇಟನ್‌ನಲ್ಲಿ ಅವರು ಆರಡಿ ಉದ್ದದ ಮರದ ಪೆಟ್ಟಿಗೆಯಲ್ಲಿ ಸೈಕಲ್ಲಿನ ಕಡ್ಡಿ ತಂತಿ ಮತ್ತು ಗರಗಸದ ಅಲಗುಗಳಿಂದ ಮಾಡಿದ ತಕ್ಕಡಿಯಿಟ್ಟು ಸುಮಾರು ಇನ್ನೂರು ಸಣ್ಣ ರೆಕ್ಕೆಗಳನ್ನು ಪರೀಕ್ಷಿಸಿದರು. ಅವರ ತಕ್ಕಡಿ ರೆಕ್ಕೆಯ ಲಿಫ್ಟನ್ನು ಅದೇ ಗಾಳಿಗೆ ಎದುರಾಗಿ ನಿಂತ ಚಪ್ಪಟೆ ಪಟ್ಟಿಗಳ ಮೇಲಿನ ಬಲದೊಂದಿಗೆ ತೂಗುತ್ತಿತ್ತು. ಎರಡಕ್ಕೂ ಒಂದೇ ಗಾಳಿಯಾದ್ದರಿಂದ ವೇಗ ಎಷ್ಟೆಂದು ತಿಳಿಯಬೇಕಾದ ಅಗತ್ಯವೇ ಇರಲಿಲ್ಲ. ಗಾಳಿಯ ವೇಗದಿಂದ ಬಲವನ್ನು ಲೆಕ್ಕ ಹಾಕಲು ಆ ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದ, 0.005 ಎಂಬ ಸ್ಮೀಟನ್ ಗುಣಾಂಕ ತಪ್ಪೆಂದು ಕಂಡುಕೊಂಡು 0.0033ರಷ್ಟನ್ನು ಬಳಸಿದವರಿಗೆ, ಆ ಗುಣಾಂಕದ ಗೊಡವೆಯೇ ಇಲ್ಲದ ತಕ್ಕಡಿ ಬೇಕೆನಿಸಿದ್ದು ಸಹಜವೇ. ನನ್ನ ಲೋಡ್ ಸೆಲ್ ಅವರ ತಂತಿಗಿಂತ ಸೂಕ್ಷ್ಮವಿರಬಹುದು, ಆದರೆ ವೇಗದ ತಪ್ಪು ಇಮ್ಮಡಿಯಾಗಿ ನನ್ನ ಉತ್ತರಕ್ಕೆ ಸೇರುತ್ತದೆ, ಅವರಿಗೆ ಸೇರುತ್ತಿರಲಿಲ್ಲ.

ಮೊದಲ ಅಳತೆ, ಮೊದಲ ಜಗಳ

ಕಂಪ್ಯೂಟರಿನ ಕಡೆ ಮೊದಲು ಬಳಸಿದ್ದು ಎಕ್ಸ್‌ಫಾಯಿಲ್. ಎಂಐಟಿಯ ಮಾರ್ಕ್ ಡ್ರೆಲಾ 1986ರಲ್ಲಿ ಬರೆದ ಈ ತಂತ್ರಾಂಶ ಇಂದಿಗೂ ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತದೆ. ಆಕಾರದ ಸುತ್ತ ಸಣ್ಣ ಸಣ್ಣ ಹಲಗೆಗಳನ್ನು ಜೋಡಿಸಿದಂತೆ ಊಹಿಸಿ ಹೊರಗಿನ ಹರಿವನ್ನು ಲೆಕ್ಕ ಹಾಕುತ್ತದೆ, ಮೇಲ್ಮೈಗೆ ಅಂಟಿಕೊಂಡು ನಿಧಾನವಾಗಿ ಹರಿಯುವ ಬೌಂಡರಿ ಲೇಯರನ್ನು ಬೇರೆಯಾಗಿ ಲೆಕ್ಕ ಹಾಕುತ್ತದೆ, ಆಮೇಲೆ ಎರಡನ್ನೂ ಹೊಂದಿಸುತ್ತದೆ. 6 ಡಿಗ್ರಿಗೆ ಅದು 0.65ರ ಸುತ್ತಮುತ್ತ ಹೇಳಿತು. ತೆಳು ಏರ್‌ಫಾಯಿಲ್ ಸಿದ್ಧಾಂತದ, ಡಿಗ್ರಿಗೆ 0.11ರ ಲೆಕ್ಕವೂ ಅದಕ್ಕೆ ಹತ್ತಿರವೇ. ನನ್ನ ತಕ್ಕಡಿ ಹೇಳಿದ್ದು 0.41.

ಗೋಡೆಗಳನ್ನು ಮೊದಲು ಅನುಮಾನಿಸಿದೆ. ಆದರೆ ಮೇಲೆ ಕೆಳಗೆ ಗಟ್ಟಿ ಗೋಡೆಯಿದ್ದಾಗ ಗಾಳಿ ಬಾಗಲು ಜಾಗವಿಲ್ಲದೆ ರೆಕ್ಕೆ ಹೆಚ್ಚು ಬಾಗಿದ ಆಕಾರದಂತೆ ವರ್ತಿಸುತ್ತದೆ, ಲಿಫ್ಟ್ ಹೆಚ್ಚಾಗಿಯೇ ಕಾಣಬೇಕು. ಅಗಲವು ಟನೆಲ್ಲಿನ ಎತ್ತರದ 0.4 ಪಟ್ಟು ಇರುವ ನನ್ನ ಮಾದರಿಗೆ ಈ ತಿದ್ದುಪಡಿ ಸುಮಾರು 3 ಪ್ರತಿಶತ. ಅಂದರೆ ಗೋಡೆಯ ಲೆಕ್ಕ ಹಿಡಿದರೆ ನನ್ನ ಅಳತೆ ಇನ್ನೂ ಕೆಳಗಿಳಿಯುತ್ತದೆ! ಕಳ್ಳ ಬೇರೆಡೆ ಇದ್ದ.

ಅವನು ಸಿಕ್ಕಿದ್ದು ಒಂದು ನೂಲಿನ ಎಳೆಯಿಂದ. ಫ್ಯಾನು ಓಡುತ್ತಿದ್ದಾಗ ಕೊಳವೆ ಹೊರಬರುವ ರಂಧ್ರದ ಬಳಿ ಹೊರಗಿನಿಂದ ನೂಲು ಹಿಡಿದೆ. ಅದು ಸರಕ್ಕನೆ ಒಳಗೆ ಸೆಳೆದುಕೊಂಡು, ಒಳಗೆ ರೆಕ್ಕೆಯ ತುದಿಯ ಮೇಲೆ ಪಟಪಟ ಬಡಿಯತೊಡಗಿತು. ಹೀರುವ ಟನೆಲ್ಲಿನ ಪರೀಕ್ಷಾ ವಿಭಾಗದ ಒತ್ತಡ ಯಾವಾಗಲೂ ಹೊರಗಿಗಿಂತ ಕಡಿಮೆ, ಕನಿಷ್ಠ ಆ 86 ಪಾಸ್ಕಲ್‌ನಷ್ಟು. ಅಂದರೆ ಯಾವುದೇ ಬಿರುಕಿನಿಂದ ಒಳನುಗ್ಗುವ ಗಾಳಿ ಟನೆಲ್ಲಿನ ಗಾಳಿಯಷ್ಟೇ ವೇಗದಲ್ಲಿ ಚಿಮ್ಮುತ್ತದೆ. ಎರಡು ರಂಧ್ರಗಳಿಂದ ಎರಡು ಚಿಲುಮೆಗಳು ನನ್ನ ರೆಕ್ಕೆಯ ಎರಡೂ ತುದಿಗಳ ಮೇಲಿನ ಹರಿವನ್ನು ಹಾಳುಗೆಡವುತ್ತಿದ್ದವು. ರಂಧ್ರಕ್ಕೆ ಏನಾದರೂ ತುರುಕಿದರೆ ಅದು ಕೊಳವೆಯನ್ನು ಹಿಡಿದು ತಕ್ಕಡಿಯನ್ನು ಕೆಡಿಸುತ್ತದೆ. ಪರಿಹಾರವೆಂದರೆ ಲೋಡ್ ಸೆಲ್ಲುಗಳನ್ನೇ ಒಂದೊಂದು ಗಾಳಿಯಾಡದ ಡಬ್ಬಿಯಲ್ಲಿ ಕೂರಿಸಿ ಆ ಡಬ್ಬಿಯನ್ನು ಗೋಡೆಗೆ ಮೆತ್ತುವುದು. ಆಗ ಡಬ್ಬಿಯ ಒತ್ತಡವೂ ಒಳಗಿನಷ್ಟೇ ಆಗಿ ಚಿಲುಮೆ ನಿಲ್ಲುತ್ತದೆ. ಜೊತೆಗೆ ರೆಕ್ಕೆಯ ತುದಿಗೂ ಗೋಡೆಗೂ ನಡುವೆ ನಾನು ಧಾರಾಳವಾಗಿ ಬಿಟ್ಟಿದ್ದ 4 ಮಿಲಿಮೀಟರ್ ಸಂದನ್ನು, ತುದಿಗೆ ತೆಳು ಹಾಳೆಗಳನ್ನು ಅಂಟಿಸುತ್ತ ಅರ್ಧ ಮಿಲಿಮೀಟರಿಗೆ ಇಳಿಸಿದೆ. ಕೆಳಗಿನ ಹೆಚ್ಚು ಒತ್ತಡದ ಗಾಳಿ ಆ ಸಂದಿನಿಂದ ಮೇಲಕ್ಕೆ ನುಸುಳಿ ಲಿಫ್ಟನ್ನು ಸೋರಿಸುತ್ತಿತ್ತು. 0.41 ಇದ್ದದ್ದು 0.50 ಆಯಿತು.

ಉಳಿದದ್ದು ಕೋನದ ತಪ್ಪು. ಮೇಲೂ ಕೆಳಗೂ ಸಮನಾದ ಆಕಾರಕ್ಕೆ 0 ಡಿಗ್ರಿಯಲ್ಲಿ ಲಿಫ್ಟ್ ಇರಬಾರದು, ಆದರೆ ನನ್ನ ಕೋನಮಾಪಕ 0.9 ತೋರಿಸಿದಾಗ ಮಾತ್ರ ಲಿಫ್ಟ್ ಸೊನ್ನೆಯಾಗುತ್ತಿತ್ತು. ರೆಕ್ಕೆಯನ್ನು ತಲೆಕೆಳಗು ಮಾಡಿ ಕೂರಿಸಿದಾಗ ಅದು 0.1ಕ್ಕೆ ಸೊನ್ನೆಯಾಯಿತು. ರೆಕ್ಕೆಯ ಜೊತೆ ಕೋನಮಾಪಕವೂ ತಿರುಗುತ್ತದೆ, ಗಾಳಿ ತಿರುಗುವುದಿಲ್ಲ. ಆದ್ದರಿಂದ ಎರಡರ ಸರಾಸರಿಯಾದ 0.5 ಡಿಗ್ರಿ ಜೋಡಣೆಯ ತಪ್ಪು, ಅಲ್ಲಿಂದ ಎರಡೂ ಕಡೆಗಿನ 0.4 ಡಿಗ್ರಿ ಗಾಳಿಯೇ ಓರೆಯಾಗಿ ಬರುತ್ತಿರುವುದರ ಗುರುತು. ಇವೆರಡನ್ನೂ ತಿದ್ದಿ, ಗೋಡೆಯ ಪಾಲನ್ನೂ ಕಳೆದ ಮೇಲೆ 6 ಡಿಗ್ರಿಯ ಗುಣಾಂಕ 0.57ಕ್ಕೆ ಬಂದು ನಿಂತಿತು. ಉಳಿದ ಅಂತರದ ಜೊತೆ ಬಾಳಬಹುದು ಎಂದುಕೊಂಡೆ.

ಟನೆಲ್ ಶುದ್ಧವಾದಷ್ಟೂ ರೇಖೆ ಕೆಟ್ಟದ್ದು

ಆದರೆ ರೇಖೆಯ ಇನ್ನೊಂದು ತುದಿಯಲ್ಲಿ ಬೇರೊಂದು ವಿಚಿತ್ರವಿತ್ತು. 0ಯಿಂದ 2 ಡಿಗ್ರಿಯ ನಡುವೆ ಎಕ್ಸ್‌ಫಾಯಿಲ್ ಕೊಡುವ ರೇಖೆ ನೇರವಲ್ಲ. ಅಲ್ಲಿ ಅದು ತೊಡರಿ, ಒಂದಿಷ್ಟು ಸಪ್ಪಗೆ ಸಾಗಿ, ಆಮೇಲೆ ಕಡಿದಾಗಿ ಏರಿ ದಾರಿ ಹಿಡಿಯುತ್ತದೆ. ನನ್ನ ಅಳತೆಯಲ್ಲಿ ಅಂಥದ್ದೇನೂ ಇಲ್ಲದೆ ಗೆರೆ ಎಳೆದಂತೆ ನೇರವಾಗಿತ್ತು. ತಂತ್ರಾಂಶದ್ದೇ ತೊಂದರೆ, ನನ್ನ ಪೆಟ್ಟಿಗೆ ಸರಿ ಎಂದು ಒಳಗೊಳಗೇ ಹಿಗ್ಗಿದೆ.

ಎಕ್ಸ್‌ಫಾಯಿಲ್‌ನಲ್ಲಿ ಎನ್‌ಕ್ರಿಟ್ ಎಂಬ ಒಂದು ಅಂಕಿಯಿದೆ, ಅದನ್ನು ಯಾರೂ ಮುಟ್ಟದಿದ್ದರೆ 9 ಇರುತ್ತದೆ. ಬೌಂಡರಿ ಲೇಯರ್ ಮೊದಲು ಪದರ ಪದರವಾಗಿ, ಶಾಂತವಾಗಿ ಹರಿಯುತ್ತದೆ, ಇದನ್ನು ಲ್ಯಾಮಿನಾರ್ ಹರಿವು ಎನ್ನುತ್ತಾರೆ. ಅದರೊಳಗಿನ ಸಣ್ಣ ಅಲೆಗಳು ಬೆಳೆಯುತ್ತ ಒಂದು ಮಟ್ಟ ಮುಟ್ಟಿದಾಗ ಅದು ಪ್ರಕ್ಷುಬ್ಧವಾಗುತ್ತದೆ, ಅಂದರೆ ಸುಳಿಸುಳಿಯಾಗಿ ಕಲಕಿಹೋಗುತ್ತದೆ. ಅಲೆಗಳು ಎಷ್ಟು ಬೆಳೆಯುವವರೆಗೆ ಕಾಯಬೇಕು ಎಂಬುದನ್ನು ಎನ್‌ಕ್ರಿಟ್ ಹೇಳುತ್ತದೆ, ಮತ್ತು ಅದು ಬರುವ ಗಾಳಿ ಎಷ್ಟು ಶುದ್ಧ ಎಂಬುದರ ಮೇಲೆ ನಿಂತಿದೆ. ವೇಗದ ಏರಿಳಿತ ಸರಾಸರಿ ವೇಗದ 0.07 ಪ್ರತಿಶತದಷ್ಟಿದ್ದರೆ 9, 0.5 ಪ್ರತಿಶತವನ್ನು ದಾಟಿದರೆ 4ರ ಸಮೀಪ. ಜಾಲರಿಯಿಲ್ಲದ, ಸ್ಟ್ರಾ ಮಾತ್ರದ ನನ್ನ ಪೆಟ್ಟಿಗೆ ಯಾವ ಗುಂಪಿಗೆ ಸೇರುತ್ತದೆ ಎನ್ನುವುದನ್ನು ಊಹಿಸಲು ಉಪಕರಣವೇನೂ ಬೇಕಿರಲಿಲ್ಲ. ಎನ್‌ಕ್ರಿಟ್ 4 ಇಟ್ಟು ಮತ್ತೆ ಓಡಿಸಿದಾಗ ತೊಡರು ಬಹುಮಟ್ಟಿಗೆ ಮಾಯವಾಗಿ ರೇಖೆ ನನ್ನದರ ಪಕ್ಕಕ್ಕೆ ಬಂತು.

ಇಷ್ಟಕ್ಕೆ ಬಿಡಬಹುದಿತ್ತು. ಆದರೆ ಒಂದು ಅಂಕಿಯನ್ನು ತಿರುಗಿಸಿ ಉತ್ತರ ಹೊಂದಿಸುವುದು ಪರೀಕ್ಷೆಯಲ್ಲ, ಒಪ್ಪಂದ. ತಂತ್ರಾಂಶ ಹೇಳುವುದು ನಿಜವಾದರೆ, ನನ್ನ ಗಾಳಿಯನ್ನು ಶುದ್ಧ ಮಾಡಿದಾಗ ತೊಡರು ನನ್ನ ಅಳತೆಯಲ್ಲೂ ಹುಟ್ಟಬೇಕು. ಹಾಗಾಗಿ ಜೇನುಗೂಡಿನ ಹಿಂದೆ, ಒಂದರಿಂದ ಒಂದಕ್ಕೆ 100 ಮಿಲಿಮೀಟರ್ ಅಂತರದಲ್ಲಿ, ಮೂರು ತೆಳು ಜಾಲರಿಗಳನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಜಾಲರಿಯಲ್ಲಿ ತೆರೆದ ಜಾಗ 58 ಪ್ರತಿಶತಕ್ಕಿಂತ ಕಡಿಮೆಯಿದ್ದರೆ ಕಣ್ಣುಗಳಿಂದ ಹೊರಡುವ ಸಣ್ಣ ಧಾರೆಗಳು ಒಂದಕ್ಕೊಂದು ಕೂಡಿಕೊಂಡು ಹರಿವನ್ನೇ ಕೆಡಿಸುತ್ತವೆ, ಆದ್ದರಿಂದ ತಂತಿ ತೆಳುವಾದ ಜಾಲರಿಯನ್ನೇ ಹುಡುಕಬೇಕು. ಫ್ಯಾನಿನ ಹೊರೆ ಹೆಚ್ಚಿತು, ವೇಗವನ್ನು ಮತ್ತೆ 12ಕ್ಕೆ ತಂದೆ.

ಕಾಲು ಡಿಗ್ರಿಯ ಹೆಜ್ಜೆಗಳಲ್ಲಿ ಮತ್ತೆ ಅಳೆದೆ. ಮೊದಲ ಒಂದು ಡಿಗ್ರಿಯಲ್ಲಿ ಲಿಫ್ಟ್ ಹೆಚ್ಚುಕಡಿಮೆ ಅಲುಗಾಡಲೇ ಇಲ್ಲ. ಎರಡನೆಯ ಡಿಗ್ರಿಯಲ್ಲಿ ಅದು ಸಾಲ ತೀರಿಸುವಂತೆ ಮೇಲೇರಿತು. ನನ್ನ ಚಂದದ ನೇರ ರೇಖೆ ಹೋಗಿ ಡೊಂಕು ರೇಖೆ ಬಂದಿತ್ತು, ಮತ್ತು ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಆ ಡೊಂಕೇ.

ಅದರ ಕಾರಣ ಹೀಗೆ. ಲ್ಯಾಮಿನಾರ್ ಪದರಕ್ಕೆ ಕಸುವು ಕಡಿಮೆ. ರೆಕ್ಕೆಯ ದಪ್ಪ ಭಾಗ ದಾಟಿದ ಮೇಲೆ ಒತ್ತಡ ಏರುವ ಕಡೆಗೆ ಹರಿಯಬೇಕಾದಾಗ ಅದು ಬೇಗ ಸೋತು ಮೇಲ್ಮೈಯನ್ನು ಬಿಡುತ್ತದೆ. ಬಿಟ್ಟ ಪದರ ಪ್ರಕ್ಷುಬ್ಧವಾದರೆ ಮತ್ತೆ ಬಂದು ಅಂಟಿಕೊಳ್ಳಬಲ್ಲದು. ನಡುವೆ ಉಳಿಯುವ ಗುಳ್ಳೆಯಂಥ ಜಾಗಕ್ಕೆ ಲ್ಯಾಮಿನಾರ್ ಬೇರ್ಪಡೆಯ ಗುಳ್ಳೆ ಎನ್ನುತ್ತಾರೆ. ಸಣ್ಣ ಕೋನಗಳಲ್ಲಿ ಬೇರ್ಪಡೆ ಹಿಂದಂಚಿನ ಸಮೀಪ ಆಗುವುದರಿಂದ ಮರಳಿ ಅಂಟಲು ಜಾಗವೇ ಉಳಿಯುವುದಿಲ್ಲ. ಕೋನ ಸ್ವಲ್ಪ ಏರಿದಾಗ ಮೇಲ್ಭಾಗದಲ್ಲಿ ಬೇರ್ಪಡೆ ಮುಂದಕ್ಕೆ ಸರಿದು, ಹಿಂದಂಚಿನ ಬಳಿಯ ಹರಿವು ಮೇಲಕ್ಕೆ ತಳ್ಳಲ್ಪಟ್ಟು, ಕೋನದಿಂದ ಸಿಗಬೇಕಾದ ಲಿಫ್ಟನ್ನು ತಿಂದುಹಾಕುತ್ತದೆ.

ಇದೇ ಸಮಯದಲ್ಲಿ ಹರಿವನ್ನು ಲೆಕ್ಕ ಹಾಕುವ ಇನ್ನೊಂದು ತಂತ್ರಾಂಶವಾದ ಓಪನ್‌ಫೋಮ್‌ನಲ್ಲೂ ಲೆಕ್ಕ ಕೂರಿಸಿದ್ದೆ. ರೆಕ್ಕೆಯ ಸುತ್ತ ಲಕ್ಷಾಂತರ ಕೋಶಗಳ ಬಲೆ ಹೆಣೆದು, ಮೇಲ್ಮೈಗೆ ತಾಗಿದ ಮೊದಲ ಕೋಶದ ದಪ್ಪವನ್ನು 0.02 ಮಿಲಿಮೀಟರಿಗೆ ಇಳಿಸಿ, ಮೆಂಟರ್ ಎಂಬ ಸಂಶೋಧಕ 1994ರಲ್ಲಿ ಪ್ರಕಟಿಸಿದ, ಪ್ರಕ್ಷುಬ್ಧ ಹರಿವಿನ ಎಸ್‌ಎಸ್‌ಟಿ ಗಣಿತ ಮಾದರಿಯನ್ನು ಬಳಸಿ ರಾತ್ರಿಯಿಡೀ ಓಡಿಸಿದೆ. ಬಣ್ಣಬಣ್ಣದ ಚಿತ್ರ ಬಂತು, ರೇಖೆಯೂ ಬಂತು. ಅದು ಜಾಲರಿ ಹಾಕುವ ಮುಂಚಿನ ನನ್ನ ಅಳತೆಗೆ ಬಹಳ ಚೆನ್ನಾಗಿ ಹೊಂದಿತು. ಆದರೆ ಆ ಮಾದರಿ ಬೌಂಡರಿ ಲೇಯರ್ ಮುಂದಂಚಿನಿಂದಲೇ ಪ್ರಕ್ಷುಬ್ಧ ಎಂದು ಭಾವಿಸಿಕೊಂಡೇ ಹೊರಡುತ್ತದೆ, ಗುಳ್ಳೆಯ ಪ್ರಶ್ನೆ ಅದಕ್ಕೆ ಏಳುವುದೇ ಇಲ್ಲ. ಕೊಳಕು ಗಾಳಿಯ ನನ್ನ ಮೊದಲ ಅಳತೆಯೂ, ಇಡೀ ರಾತ್ರಿಯ ಲೆಕ್ಕವೂ ಒಂದೇ ಉತ್ತರ ಕೊಟ್ಟದ್ದು ಇಬ್ಬರೂ ಒಂದೇ ಸಂಗತಿಯನ್ನು ಬಿಟ್ಟಿದ್ದರಿಂದ. ಲ್ಯಾಮಿನಾರಿನಿಂದ ಪ್ರಕ್ಷುಬ್ಧಕ್ಕೆ ಆಗುವ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಸ್ತರಿತ ಮಾದರಿಗೆ ಬದಲಾಯಿಸಿದಾಗ ಮಾತ್ರ ಅದರಲ್ಲೂ ತೊಡರು ಕಾಣಿಸಿತು.

ಗುಳ್ಳೆಯನ್ನು ಕಿವಿಯಿಂದ ಹುಡುಕಿದ್ದು

ಗುಳ್ಳೆಯನ್ನು ಕಣ್ಣಾರೆ ನೋಡುವ ಆಸೆಯಿಂದ ಮೊದಲು ರೆಕ್ಕೆಯ ಮೇಲೆ ಸಾಲಾಗಿ ನೂಲಿನ ಎಳೆಗಳನ್ನು ಅಂಟಿಸಿದೆ. ಎಲ್ಲವೂ ಅಚ್ಚುಕಟ್ಟಾಗಿ ಮಲಗಿದವು, ಲಿಫ್ಟ್ ರೇಖೆಯೂ ಮತ್ತೆ ನೇರವಾಯಿತು! ನೂಲು ಮತ್ತು ಅದರ ಅಂಟುಪಟ್ಟಿಯೇ ಪದರವನ್ನು ಕಲಕಿ ಪ್ರಕ್ಷುಬ್ಧ ಮಾಡಿ, ನಾನು ನೋಡಬೇಕೆಂದಿದ್ದ ಗುಳ್ಳೆಯನ್ನು ಅಳಿಸಿಹಾಕಿತ್ತು. ರೆಕ್ಕೆಯನ್ನು 1200ರ ಕಾಗದದಿಂದ ಉಜ್ಜಿದ್ದೇಕೆ ಎಂಬುದು ಆಗ ಪೂರ್ತಿ ಮನವರಿಕೆಯಾಯಿತು.

ಗ್ಲೈಡರ್ ಹಾರಿಸುವವರು ಬಳಸುವ ಹಳೆಯ ಉಪಾಯವೊಂದಿದೆ. ಇಂಜೆಕ್ಷನ್ ಸೂಜಿಯಷ್ಟು ಸಣ್ಣ ಕೊಳವೆಯ ತುದಿಯನ್ನು ಚಪ್ಪಟೆ ಮಾಡಿ, ಅದನ್ನು ಮೇಲ್ಮೈಗೆ ತಾಗಿಸಿ ಗಾಳಿಗೆ ಎದುರಾಗಿ ಹಿಡಿದು, ಇನ್ನೊಂದು ತುದಿಯನ್ನು ಸ್ಟೆತಾಸ್ಕೋಪಿಗೆ ಜೋಡಿಸಿ ಕೇಳುವುದು. 6 ಡಿಗ್ರಿಯಲ್ಲಿ ಮುಂದಂಚಿನ ಹತ್ತಿರ ಇಟ್ಟಾಗ ಏನೂ ಕೇಳಲಿಲ್ಲ, ಫ್ಯಾನಿನ ದೂರದ ಗುನುಗು ಮಾತ್ರ. ಒಂದೊಂದೇ ಮಿಲಿಮೀಟರ್ ಹಿಂದಕ್ಕೆ ಸರಿಸುತ್ತ ಹೋದಾಗ, ಅಗಲದ ಕಾಲು ಭಾಗ ಮುಟ್ಟುವ ಹೊತ್ತಿಗೆ ಎಣ್ಣೆಯಲ್ಲಿ ನೀರು ಬಿದ್ದಂತೆ ಬಿಟ್ಟು ಬಿಟ್ಟು ಚಟಪಟ ಸದ್ದು ಶುರುವಾಯಿತು, ಮತ್ತೆ ಐದಾರು ಮಿಲಿಮೀಟರ್ ಆಚೆ ಅದು ಎಡೆಬಿಡದ ಮೊರೆತವಾಯಿತು. 2 ಡಿಗ್ರಿಗೆ ಇಳಿಸಿದಾಗ ಮೌನ ಅಗಲದ ಮುಕ್ಕಾಲು ಭಾಗದವರೆಗೂ ಚಾಚಿಕೊಂಡಿತು. ಎಕ್ಸ್‌ಫಾಯಿಲ್ ಗುರುತಿಸಿದ್ದ ಬದಲಾವಣೆಯ ಜಾಗವನ್ನು ಪೆನ್ಸಿಲಿನಿಂದ ರೆಕ್ಕೆಯ ಮೇಲೆ ಗೀಚಿಟ್ಟಿದ್ದೆ. ನನ್ನ ಕಿವಿಗೆ ಸದ್ದು ಹತ್ತಿದ ಜಾಗ ಅದಕ್ಕಿಂತ ನಾಲ್ಕೈದು ಮಿಲಿಮೀಟರ್ ಮಾತ್ರ ಮುಂದಿತ್ತು, ಅದರಲ್ಲಿ ಒಂದಿಷ್ಟು ಪಾಲು ಕೊಳವೆಯೇ ಮಾಡಿದ ಕಲಕಾಟದ್ದಿರಬೇಕು.

ಆಮೇಲೆ ಗುಳ್ಳೆಯನ್ನು ಬೇಕೆಂದೇ ಅಳಿಸಿ ನೋಡಿದೆ. ಮುಂದಂಚಿನಿಂದ 20 ಪ್ರತಿಶತ ದೂರದಲ್ಲಿ, ಮೇಲೂ ಕೆಳಗೂ, ಗರಗಸದ ಹಲ್ಲಿನಂತೆ ಕತ್ತರಿಸಿದ ಪಟ್ಟಿ ಅಂಟಿಸಿದೆ. 0.2 ಮಿಲಿಮೀಟರ್ ದಪ್ಪದ ಪಟ್ಟಿಯಿಂದ ಏನೂ ಆಗಲಿಲ್ಲ, ಪದರದೊಳಗೆ ಅದು ಮುಳುಗಿಹೋಗಿತ್ತು. 0.5 ಮಿಲಿಮೀಟರ್ ದಪ್ಪದ ಪಟ್ಟಿಗೆ ತೊಡರು ಹೋಗಿ ರೇಖೆ ನೇರವಾಯಿತು, ಜಾಲರಿ ಹಾಕಿದ ಶುದ್ಧ ಗಾಳಿಯಲ್ಲೇ.

ಸ್ಟಾಲ್ ಬಗ್ಗೆ ಹೇಳಬೇಕಾದದ್ದು ಕಡಿಮೆ. 10 ಡಿಗ್ರಿ ದಾಟುತ್ತಿದ್ದಂತೆ ಲಿಫ್ಟ್ ಬಿದ್ದು, ಕೋನವನ್ನು ಮತ್ತೆ ಇಳಿಸುವಾಗ ಬಿದ್ದ ಜಾಗದಲ್ಲೇ ಏಳದೆ 8 ಡಿಗ್ರಿಯವರೆಗೂ ಹಟ ಹಿಡಿಯಿತು. ಎಕ್ಸ್‌ಫಾಯಿಲ್ ಅಲ್ಲಿಗೆ ಬರುವಷ್ಟರಲ್ಲಿ ಲೆಕ್ಕ ಕೂಡದೆ ಕೈಚೆಲ್ಲಿತು, ಓಪನ್‌ಫೋಮ್ ಸ್ಟಾಲನ್ನು 13 ಡಿಗ್ರಿಯವರೆಗೆ ಮುಂದೂಡಿತು. ಆ ಕೋನದಲ್ಲಿ ರೆಕ್ಕೆ ಟನೆಲ್ಲಿನ ಅಡ್ಡಕೊಯ್ತದ ಹತ್ತನೆಯ ಒಂದು ಭಾಗದಷ್ಟನ್ನು ಅಡ್ಡಗಟ್ಟುವುದರಿಂದ ನನ್ನ ಅಂಕಿಗಳಿಗೂ ಅಲ್ಲಿ ಹೆಚ್ಚಿನ ಬೆಲೆ ಕೊಡಲಾರೆ.

ಕೊನೆಗೆ ಉಳಿದದ್ದು ಡ್ರ್ಯಾಗ್. ತಕ್ಕಡಿಯಿಂದ ಆಗದ್ದನ್ನು ರೆಕ್ಕೆಯ ಹಿಂದಿನ ಗಾಳಿಯಿಂದ ಲೆಕ್ಕ ಹಾಕಬಹುದು: ರೆಕ್ಕೆ ಎಳೆದು ನಿಧಾನಿಸಿದ ಗಾಳಿಯ ಪಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು, ಕಳೆದುಹೋದ ಆವೇಗವನ್ನು ಕೂಡಿಸುವುದು. ಗಾಳಿಗೆ ಎದುರಾಗಿ ಬಾಯಿ ತೆರೆದು ಅದರ ಒತ್ತಡವನ್ನು ಹಿಡಿಯುವ ಪಿಟೋ ನಳಿಕೆಯೊಂದನ್ನು 6 ಮಿಲಿಮೀಟರ್ ತಿರುಪುಕಡ್ಡಿಯ ನಟ್ಟಿಗೆ ಕಟ್ಟಿದೆ. ಒಂದು ಪೂರ್ತಿ ಸುತ್ತಿಗೆ ಅದು ಸರಿಯಾಗಿ 1 ಮಿಲಿಮೀಟರ್ ಸರಿಯುತ್ತದೆ. 4 ಡಿಗ್ರಿಯಲ್ಲಿ ನುಣುಪಾದ ರೆಕ್ಕೆಗೆ ಅರವತ್ತು ಸುತ್ತು, ಪಟ್ಟಿ ಅಂಟಿಸಿದ ರೆಕ್ಕೆಗೆ ಅರವತ್ತು ಸುತ್ತು, ಪ್ರತಿ ಸುತ್ತಿಗೂ ಮ್ಯಾನೋಮೀಟರಿನ ನೀರು ನಿಲ್ಲುವವರೆಗೆ ಕಾಯುವಿಕೆ. ನುಣುಪು ರೆಕ್ಕೆಯ ಡ್ರ್ಯಾಗ್ ಗುಣಾಂಕ 0.026 ಬಂತು. ಒರಟು ಪಟ್ಟಿ ಅಂಟಿಸಿದ್ದಕ್ಕೆ 0.022.